ತಿಪ್ಪೆಗೆ ಹಾಕಿದ ಕೂಸು

ಕಾಳಪ್ಪನ ತಿಪ್ಪೆಯ ಮೇಲೆ ಕೋಳಿ ಸತ್ತು ಬಿದ್ದಿರುವುದನ್ನು ಮೊದಲು ಕಂಡವಳು ಅವನ ಪಕ್ಕದ ಮನೆಯ ಫಕೀರಮ್ಮ. ಸತ್ತದ್ದು ಅವಳದೇ ಕೋಳಿ. ಮೊಟ್ಟೆಯಿಡುತ್ತಿದ್ದ ಹೇಂಟೆ, ಕಾಲು ಮೇಲೆ ಮಾಡಿ, ಕೊಕ್ಕು ತೆರೆದುಕೊಂಡು ಬಿದ್ದಿತ್ತು. ಅದರ ಮೈಮೇಲೆ ಒಂದು ನೊಣವೂ ಇರಲಿಲ್ಲ. ತಿಪ್ಪೆಯ ಮೇಲೆ ನೊಣ ಇಲ್ಲದಿರುವುದನ್ನು ಫಕೀರಮ್ಮ ತನ್ನ ಆಯುಷ್ಯದಲ್ಲೇ ನೋಡಿರಲಿಲ್ಲ. ಆದರೆ ಆಗ ಅದನ್ನು ಯೋಚಿಸುವಷ್ಟು ಪುರುಸೊತ್ತು ಅವಳ ಸಿಟ್ಟಿಗೆ ಇರಲಿಲ್ಲ. ಕೋಳಿಯನ್ನು ಕಾಲು ಹಿಡಿದು ಎತ್ತಿಕೊಂಡವಳೇ ಊರೊಳಗೆ ನಡೆದಳು.

ಆ ಊರಲ್ಲಿ ಕಸವೆಂದರೆ ಬಿಸಾಡುವುದಲ್ಲ, ಕೂಡಿಡುವುದು. ಊರ ಹೊರಗೆ, ಹಳ್ಳದ ದಂಡೆಗೆ, ಮನೆಗೊಂದು ತಿಪ್ಪೆ. ಒಲೆಯ ಬೂದಿ, ಸಗಣಿ, ದನ ತಿಂದು ಬಿಟ್ಟ ಸೊಪ್ಪೆ, ಅಂಗಳ ಗುಡಿಸಿದ ಕಸ ಎಲ್ಲ ಅಲ್ಲಿಗೆ. ಒಡೆದ ಬಾಟಲಿ, ತೂತು ಬಿದ್ದ ಡಬ್ಬಿ, ಹರಿದ ಚಪ್ಪಲಿ ತಿಪ್ಪೆಗೆ ಹೋಗುವಂತಿಲ್ಲ. ಅವು ಹಿತ್ತಲ ಮೂಲೆಯಲ್ಲಿ ಗುಜರಿ ರಾಜಾಸಾಬನ ಸೈಕಲ್ಲಿಗಾಗಿ ಕಾಯಬೇಕು. ಅವನು ಅವಕ್ಕೆ ಬದಲು ಒಂದು ಹಿಡಿ ಉಳ್ಳಾಗಡ್ಡಿಯನ್ನೋ ಉತ್ತತ್ತಿಯನ್ನೋ ಕೊಟ್ಟು, ಎಲ್ಲವನ್ನೂ ಚೀಲಕ್ಕೆ ತುಂಬಿ ಗಂಗಾವತಿಯ ಗುಜರಿ ಅಂಗಡಿಗೆ ಒಯ್ಯುತ್ತಿದ್ದ. ಯಾವುದು ಎಲ್ಲಿಗೆ ಎಂಬುದನ್ನು ಅತ್ತೆ ಸೊಸೆಗೆ ಮೊದಲ ವಾರದಲ್ಲೇ ಕಲಿಸಿಬಿಡುತ್ತಿದ್ದಳು. ಕಲಿಯದಿದ್ದರೆ ಗೊಬ್ಬರ ಹರಡುವ ಗಂಡನ ಅಂಗಾಲೇ ಗಾಜಿನ ಚೂರಿಗೆ ಸೀಳುತ್ತಿತ್ತು.

ಕಾಳಪ್ಪ ತಿಪ್ಪೆಗೆ ಹಾಕಿದ್ದು ಮಾತ್ರ ಆ ಪಾಠದಲ್ಲಿ ಇರಲಿಲ್ಲ. ಪಾಠ ಮಾಡಿದ ಮುದುಕಿಯರ ಕಾಲದಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಎಡದಂಡೆ ಕಾಲುವೆಗೆ ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದ ಕಡೆಯ ರೈತರು ಬಂದು ಕ್ಯಾಂಪು ಹಾಕಿ ನೆಲೆಸಿದರು, ಅವರ ಹಿಂದೆ ಹುಳ ಸಾಯಿಸುವ ಪುಡಿ ಬಂತು. ಕಾಳಪ್ಪ ಕ್ಯಾಂಪಿನ ಗದ್ದೆಗಳಿಗೆ ಆ ಪುಡಿ ಹೊಡೆಯುವ ಕೂಲಿ. ಆ ವರ್ಷದ ಮಳೆಗೆ ಕ್ಯಾಂಪಿನ ಸಾಹುಕಾರರ ಕೋಣೆ ಸೋರಿ ನಾಲ್ಕಾರು ಚೀಲ ಪುಡಿ ತೊಯ್ದು ಗಡ್ಡೆ ಕಟ್ಟಿತು. ದೂರ ಒಯ್ದು ಹೂತುಬಿಡು ಎಂದು ಅವರು ಹೇಳಿದರೆ ಇವನು ಬಂಡಿಯಲ್ಲಿ ಹೇರಿಕೊಂಡು ತನ್ನ ತಿಪ್ಪೆಗೇ ತಂದು ಸುರಿದ.

"ಏ ಕಾಳ್ಯಾ! ಹೊರಗ ಬಾರೋ!" ಫಕೀರಮ್ಮ ಕೋಳಿಯನ್ನು ಅವನ ಕಟ್ಟೆಯ ಮೇಲೆ ಒಗೆದಳು. "ನಿನ್ನ ತಿಪ್ಪ್ಯಾಗ ಏನ್ ಹಾಕೀಯೋ? ನನ್ನ ಕೋಳಿ ಸತ್ತು ಬಿದ್ದೈತಿ."

ಕಾಳಪ್ಪ ಬೀಡಿ ಹಿಡಿದುಕೊಂಡೇ ಬಂದ. "ಯಕ್ಕಾ, ರೋಗ ಬಂದಿರತೈತಿ ಬಿಡು."

"ರೋಗ ಬಂದಿದ್ರ ನನ್ನ ಮನ್ಯಾಗ ಸಾಯ್ತಿತ್ತು. ಸಾಯಾಕ ನಿನ್ನ ತಿಪ್ಪಿಗೆ ಬರಾಕ ಅದೇನು ನಿಮ್ಮ ಬೀಗರ ಕೋಳೀನ?"

ಅವನಿಗೆ ನಗು ಬಂತು. "ಖರೇ ಹೇಳ್ಲಾ? ಪುಡಿ ಹತ್ತಿದ ಹುಳಾ ತಿಂದೈತಿ. ಗೊಬ್ಬರದಾಗ ಪುಡಿ ಕೂಡಿಸೀನಿ, ಅಕ್ಕಾ. ಹೊಲಕ್ಕ ಹಾಕಿದ್ರ ಗೊಬ್ಬರಾನೂ ಆತು, ಔಷಧಾನೂ ಆತು. ಗೆದ್ದಲು ಸುಳಿಯಂಗಿಲ್ಲ. ಊರ ಮಂದಿ ನನ್ನ ಹೊಲ ನೋಡಾಕ ಬರ್ತಾರ ನೋಡು ಬೇಕಾದ್ರ."

"ಹೊಲ ನೋಡಾಕ ಬರ್ತಾರೋ, ನಿನ್ನ ಹೊರಾಕ ಬರ್ತಾರೋ!"

ಒಳಗಿನಿಂದ ಎಳೆಗೂಸಿನ ಅಳು ಕೇಳಿತು. ಫಕೀರಮ್ಮ ಬಾಯಿ ಮುಚ್ಚಿದಳು. ಬಾಣಂತಿ ಇರುವ ಮನೆಯ ಬಾಗಿಲಲ್ಲಿ ಸಾವಿನ ಮಾತು ಆಡಿದ್ದಕ್ಕೆ ತನ್ನ ನಾಲಿಗೆಯನ್ನೇ ಬೈದುಕೊಂಡು, ಸತ್ತ ಕೋಳಿಯನ್ನು ಎತ್ತಿಕೊಂಡು ಹೊರಟುಹೋದಳು. ಅದನ್ನು ಸಾರು ಮಾಡಲಿಲ್ಲ. ಹಳ್ಳದಾಚೆ ಹೂತಳು.

ಸಂಜೆ ಕಾಳಪ್ಪನ ತಾಯಿ ಮುದುಕವ್ವ ತಾನೇ ಅವಳ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

"ಫಕೀರವ್ವ, ಕೋಳಿ ಸಿಟ್ಟು ಇಳೀತೇನ?"

"ಇಳಿದಿಲ್ಲ. ಆದ್ರೂ ಕುಂದ್ರು ಅತ್ತಿ, ಎಲಿ ಹಾಕ್ಕೋ."

ಮುದುಕಿ ಎಲೆಗೆ ಸುಣ್ಣ ಹಚ್ಚತೊಡಗಿದಳು. ಸೊಸೆ ಹುಲಿಗವ್ವನ ಮೊದಲ ಎರಡು ಕೂಸುಗಳೂ ಹಲ್ಲು ಮೂಡುವ ಮೊದಲೇ ಮಣ್ಣಿಗೆ ಹೋಗಿದ್ದವು. ಈಗ ಹುಟ್ಟಿದ್ದು ಹೆಣ್ಣು. ಅಂಥ ಮನೆಯಲ್ಲಿ ಹುಟ್ಟಿದ ಕೂಸಿಗೆ ಊರಲ್ಲಿ ಒಂದು ಪದ್ಧತಿ ಇತ್ತು. ಪುರುಡು ಕಳೆದ ಮರುದಿನ ನಸುಕಿನಲ್ಲಿ ಅದನ್ನು ಕಸದಂತೆ ಒಯ್ದು ತಿಪ್ಪೆಗೆ ಹಾಕಬೇಕು, ಹೊರಳಿಸಬೇಕು, ತಿರುಗಿ ನೋಡದೆ ಬರಬೇಕು. ಹುಡುಕಿಕೊಂಡು ಬಂದ ಸಾವು ನೋಡಿ, ಇದು ಇವರಿಗೇ ಬೇಡಾದ ವಸ್ತು, ನನಗೇಕೆ ಎಂದು ಬಿಟ್ಟುಹೋಗುತ್ತದೆ. ಆಮೇಲೆ ಮಕ್ಕಳೆಲ್ಲ ಉಳಿದ ತಾಯಿಯೊಬ್ಬಳು ಅದನ್ನು ಎತ್ತಿ ತನ್ನ ಮನೆಗೆ ಒಯ್ಯಬೇಕು. ಹಡೆದವಳು ಅವಳ ಬಾಗಿಲಿಗೆ ಬಂದು ಒಂದು ಪಾವು ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ಗಂಡಾದರೆ ತಿಪ್ಪಣ್ಣ, ಹೆಣ್ಣಾದರೆ ತಿಪ್ಪವ್ವ. ಆ ಹೆಸರಿನವರು ಊರಲ್ಲಿ ಮೊಮ್ಮಕ್ಕಳನ್ನು ಕಂಡು ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಪದ್ಧತಿ ಸುಳ್ಳು ಎನ್ನುವ ಧೈರ್ಯ ಫಕೀರಮ್ಮನಿಗೂ ಇರಲಿಲ್ಲ.

"ನಿನ್ನವು ಆರೂ ಉಳದಾವು," ಎಂದಳು ಮುದುಕವ್ವ. "ನೀನ ಎತ್ತಬೇಕು, ಯವ್ವಾ."

ಫಕೀರಮ್ಮನ ಎದೆ ತುಂಬಿ ಬಂತು. ಹೂಂ ಎನ್ನುವಷ್ಟರಲ್ಲಿ ಸತ್ತ ಕೋಳಿಯ ತೆರೆದ ಕೊಕ್ಕು ಕಣ್ಣ ಮುಂದೆ ಬಂದು ನಿಂತಿತು.

"ಯಾವ ತಿಪ್ಪ್ಯಾಗ ಹಾಕ್ತೀರಿ?"

"ಯಾವ ತಿಪ್ಪ್ಯಾಗಂದ್ರ? ನಮ್ದರಾಗ."

"ಬ್ಯಾಡತ್ತಿ. ನಿನ್ನ ಮಗ ಅದರಾಗ ಪುಡಿ ಸುರುವ್ಯಾನ. ಕೋಳಿ ಸತ್ತೈತಿ. ನನ್ನ ತಿಪ್ಪಿ ಬಾಜೂಕ ಐತಿ, ಅಲ್ಲಿ ಹಾಕ್ರಿ."

ಮುದುಕವ್ವ ಎಲೆ ಅಗಿಯುವುದನ್ನು ನಿಲ್ಲಿಸಿದಳು. "ನಿನ್ನ ತಿಪ್ಪ್ಯಾಗ ಹಾಕಿದ್ರ ಅದು ನಿಮ್ಮ ಮನಿ ಕಸ ಆಕ್ಕೈತಿ. ಸಾವು ಹುಡುಕೂದು ನಮ್ಮ ಮನಿ ಕೂಸನ್ನ. ನಮ್ಮ ಕಸದಾಗ ಕಂಡ್ರನ ಅದಕ್ಕ ನಂಬಿಗಿ."

"ನಂಬಿಗಿ ಹಾಳಾಗ್ಲಿ, ಕೂಸು ಬದುಕೂದು ಬ್ಯಾಡೇನು?"

"ನಿನ್ನವು ಆರೂ ಉಳದಾವಂತ ಸೊಕ್ಕೇನ ನಿನಗ?" ಮುದುಕಿ ಎದ್ದು ನಿಂತಳು. "ಎರಡು ಕೂಸು ಕುಣಿಗೆ ಇಟ್ಟಾಕಿ ನಾನು. ನನಗ ಹೇಳಾಕ ಬರಬ್ಯಾಡ."

ಎಲೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಮುದುಕಿ ಕಟ್ಟೆ ಇಳಿದು ಹೋದಳು.

ಮರುದಿನ ರಾಜಾಸಾಬ ಬಂದ. ಫಕೀರಮ್ಮ ಹಿತ್ತಲ ಸಾಮಾನು ತೋರಿಸುವ ಮೊದಲು ಅವನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋದಳು. ಅವನು ಸೈಕಲ್ ನಿಲ್ಲಿಸಿ, ಕಾಳಪ್ಪನ ತಿಪ್ಪೆಯಿಂದ ಹೊರಗೆ ಚಾಚಿಕೊಂಡಿದ್ದ ಚೀಲದ ಮೂಲೆಯನ್ನು ಕಟ್ಟಿಗೆಯಿಂದ ಎಳೆದು ನೋಡಿದ. ತಟ್ಟನೆ ಕಟ್ಟಿಗೆಯನ್ನೂ ಒಗೆದ.

"ಇದನ್ನ ನಾ ಮುಟ್ಟಂಗಿಲ್ಲ, ಅಕ್ಕಾ."

"ಸತ್ತ ದನದ ಎಲುವು ಬಿಡದಾಂವ, ಚೀಲ ಬಿಡ್ತೀಯೇನ?"

"ಎಲುವು ಸತ್ತ ಮ್ಯಾಲಿಂದು. ಇದು ಸಾಯಿಸೂದು." ಅವನು ನಗಲಿಲ್ಲ. "ಹೋದ ಬ್ಯಾಸಗಿ ಕ್ಯಾಂಪಿನಾಗ ಇಂಥವ ಎರಡು ಚೀಲ ಸಿಕ್ಕುವು. ಮನಿಗೆ ಒಯ್ದು ಝಾಡಿಸಿ ಒಣಗಾಕ ಹಾಕಿದ್ದೆ. ನಮ್ಮ ಆಡಿನ ಮರಿ ನೆಕ್ಕಿತು ನೋಡು. ನಿಂತಲ್ಲೇ ಕಾಲು ಬಡ್ಯಾಕ ಹತ್ತಿತು. ಹಲ್ಲು ಕಚ್ಚಿ ಬಿತ್ತು. ನನ್ನ ಹೇಣ್ತಿ ದಾವಲಬೀ ಅದಕ್ಕ ಬಾಟ್ಲಿ ಹಾಲು ಹಾಕಿ ಜ್ವಾಕಿ ಮಾಡಿದ್ದಳು. ನನ್ನ ಜೋಡಿ ಮಾತಾಡೂದ ಬಿಟ್ಲು."

"ಮನಷ್ಯಾರಿಗೆ?"

"ಅದು ನನಗೇನು ಗೊತ್ತು? ನಾ ಡಾಕ್ಟ್ರೇನು? ಆಡಿಗೆ ಹಂಗಾತು, ಅಷ್ಟ ಗೊತ್ತು." ಅವನು ಲುಂಗಿಗೆ ಕೈ ಒರೆಸಿಕೊಂಡು ಸೈಕಲ್ ಹತ್ತಿದ. ಹಿತ್ತಲ ಡಬ್ಬಿ ಬಾಟಲಿಗಳನ್ನು ಕೇಳುವುದನ್ನೂ ಮರೆತ.

ಫಕೀರಮ್ಮ ನೇರವಾಗಿ ಬಾಣಂತಿಯ ಕೋಣೆಗೆ ಹೋದಳು. ಮುದುಕವ್ವ ಹೊರಗೆ ಹೋಗಿದ್ದ ಹೊತ್ತು. ಹೊರಸಿನ ಕೆಳಗೆ ಕೆಂಡದ ಬೋಗುಣಿಯಿಂದ ಲೋಬಾನದ ಹೊಗೆ ಏಳುತ್ತಿತ್ತು. ಹುಲಿಗವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನೋಡುತ್ತ ಕೂತಿದ್ದಳು. ಕೂಸು ಮಲಗಿತ್ತು. ಅದು ಮಲಗಿದಾಗಲೆಲ್ಲ ಅವಳು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಫಕೀರಮ್ಮ ಕೋಳಿಯದು, ಆಡಿನದು ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಹುಲಿಗವ್ವನಿಗೆ ಸಿಟ್ಟು ಬರಲಿಲ್ಲ. ಅದೇ ಕೆಟ್ಟದಾಯಿತು. ಅವಳು ಫಕೀರಮ್ಮನ ಸೆರಗು ಹಿಡಿದುಕೊಂಡಳು.

"ಅಕ್ಕಾ, ಎರಡೂ ನನ್ನ ಎದಿ ಮ್ಯಾಲನ ತಣ್ಣಗಾದವು. ಆವಾಗ ತಿಪ್ಪಿಗೆ ಹಾಕಿರಲಿಲ್ಲ. ಹಾಕ್ಬೇಕಿತ್ತು ಅಂತ ಊರ ಮಂದಿ ಎಲ್ಲಾ ಅಂದ್ರು. ಈಗ ಹಾಕಲಾರದ ಬಿಟ್ಟು ಇದಕ್ಕೂ ಹಂಗಾದ್ರ, ನಾ ಯಾರ ಮಾರಿ ನೋಡ್ಲಿ?"

"ಹಾಕ ಬ್ಯಾಡ ಅನ್ನಂಗಿಲ್ಲ ನಾ. ಆ ತಿಪ್ಪ್ಯಾಗ ಬ್ಯಾಡ ಅಂತೀನಿ."

"ಅತ್ತಿ ಹೇಳ್ಯಾಳ, ನಮ್ಮ ತಿಪ್ಪಿನ ಆಗಬೇಕಂತ. ನೀ ಒಲ್ಲೆ ಅಂದ್ರ ಮ್ಯಾಲಿನ ಓಣಿ ಕಳಕಮ್ಮಗ ಹೇಳ್ತೀವಿ ಅಂದಾಳ. ನೀನ ಎತ್ತು ಅಕ್ಕಾ. ನಿನ್ನ ಕೈ ಗುಣ ಐತಿ."

ಕಳಕಮ್ಮ ಪದ್ಧತಿ ಎಂದರೆ ಪದ್ಧತಿ ಎನ್ನುವವಳು. ಬಿಸಿಲೇರುವ ತನಕ ಕೂಸನ್ನು ತಿಪ್ಪೆಯ ಮೇಲೆ ಬಿಟ್ಟಾಳು. ಫಕೀರಮ್ಮ ಹಲ್ಲು ಕಚ್ಚಿಕೊಂಡು ಹೂಂ ಎಂದಳು.

ಹೂಂ ಎಂದಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಪುರುಡು ಕಳೆದ ದಿನ ಸಂಜೆ, ಹೆಂಗಸರೆಲ್ಲ ಮನೆ ಸೇರಿದ ಮೇಲೆ, ಅಷ್ಟು ದಿನ ಕೂಡಿಟ್ಟಿದ್ದ ತನ್ನ ಒಲೆಯ ಬೂದಿಯನ್ನು ಬುಟ್ಟಿ ಬುಟ್ಟಿ ಹೊತ್ತು ಕಾಳಪ್ಪನ ತಿಪ್ಪೆಯ ನೆತ್ತಿಗೆ ಸುರಿದಳು. ಮೊಣಕಾಲುದ್ದ ಬೂದಿ. ಮೇಲೆ ಒಣ ಸೊಪ್ಪೆ, ಅದರ ಮೇಲೆ ಮತ್ತೆ ಬೂದಿ. ಬೇರೆ ಮನೆಯ ಕಸ ಬೆರೆಸಿದ್ದು ಗೊತ್ತಾದರೆ ಮುದುಕವ್ವ ಶಾಪ ಹಾಕುತ್ತಾಳೆ. ಹಾಕಲಿ. ಶಾಪಕ್ಕೆ ತನ್ನ ಮೈ ಇದೆ, ಆ ಕೂಸಿಗೇನಿದೆ?

ಬುಟ್ಟಿ ಝಾಡಿಸಿ ಮನೆಗೆ ಬರುವಾಗ ಅವಳ ಮನಸ್ಸು ಹಗುರಾಗಿತ್ತು.

ನಸುಕಿನಲ್ಲಿ ಅವಳು ತನ್ನ ತಿಪ್ಪೆಯ ಮರೆಗೆ ಬಂದು ಕೂತಳು. ಹಾಕಿದವರು ಮನೆ ಸೇರಿ ಬಾಗಿಲು ಮುಚ್ಚುವ ತನಕ ಎತ್ತುವವಳು ಮುಖ ತೋರಿಸಬಾರದು, ಅದು ಕಟ್ಟು. ಇನ್ನೂ ಮಸುಕು ಮಸುಕು. ಕಾಲುವೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹೊತ್ತು ಮೂಡುವಾಗ ಹಳ್ಳದ ದಂಡೆಯಲ್ಲಿ ನಾಯಿಗಳು ಕಚ್ಚಾಡಬೇಕು, ಕಾಗೆ ಕೂಗಬೇಕು. ಏನೂ ಇರಲಿಲ್ಲ.

ಮುದುಕವ್ವ ಬಂದಳು. ಬಗಲಲ್ಲಿ ಕಸದ ಬುಟ್ಟಿ. ಬುಟ್ಟಿಯೊಳಗೆ ಹರಿದ ಅರಿವೆಯಲ್ಲಿ ಕೂಸು. ತಿಪ್ಪೆ ಹತ್ತಿ, ಅರಿವೆ ಬಿಚ್ಚಿ, ಬರಿಮೈಯ ಕೂಸನ್ನು ಕೆಳಗೆ ಹಾಕಿದಳು. ಈ ಕಡೆಗೊಮ್ಮೆ, ಆ ಕಡೆಗೊಮ್ಮೆ ಹೊರಳಿಸಿದಳು. ಕೂಸು ಕಿರುಚಿತು. ಹೊರಳಿಸಲಿ, ಎಷ್ಟಾದರೂ ನನ್ನ ಒಲೆಯ ಬೂದಿ, ಅಂದುಕೊಂಡಳು ಫಕೀರಮ್ಮ. "ಹೋಗ, ಬ್ಯಾಡಾದ ಕಸಾ," ಎಂದು ಗಟ್ಟಿಯಾಗಿ ಹೇಳಿ ಮುದುಕಿ ಇಳಿದಳು. ಇಳಿಯುವಾಗ ಕೆಮ್ಮಿದಳು. ನಾಲ್ಕು ಹೆಜ್ಜೆಗೆ ಮತ್ತೆ ಕೆಮ್ಮಿದಳು.

ಆಗ ಗಾಳಿ ಈ ಕಡೆಗೆ ತಿರುಗಿತು. ವಾಸನೆ ಬಂತು. ಬೂದಿಗೆ ಅಂಥ ವಾಸನೆ ಇಲ್ಲ.

ಫಕೀರಮ್ಮ ಕಟ್ಟುಪಾಡು ಮರೆತು ಎದ್ದು ಓಡಿದಳು. ಹತ್ತಿರ ಹೋದಂತೆ ತಿಪ್ಪೆ ಬೆಳ್ಳಗೆ ಕಂಡಿತು. ಅವಳು ಹಾಕಿದ ಬೂದಿಯ ಬಣ್ಣ ಅದಲ್ಲ. ನೆತ್ತಿಯ ತುಂಬ, ಸುತ್ತಲೂ, ಹಿಟ್ಟು ಜರಡಿ ಹಿಡಿದಂತೆ ಹೊಸ ಪುಡಿ. ಅದರ ನಡುವೆ ಕೂಸು. ಮೈ ಬೆಳ್ಳಗೆ, ರೆಪ್ಪೆ ಬೆಳ್ಳಗೆ, ಅಳಲು ತೆರೆದ ಬಾಯಿಯ ಒಳಗೂ ಬೆಳ್ಳಗೆ.

"ಯಾವ ನಾಯಿ ಸುರಿದಾನ ಇದನ್ನ!" ಅವಳು ಕಿರುಚಿದಳು. ಕೂಸನ್ನು ಕೈಗೆ ಎತ್ತಿಕೊಂಡಳು. ಮುದುಕವ್ವ ಪದ್ಧತಿಯಂತೆ ತಿರುಗಿ ನೋಡಲಿಲ್ಲ.

ಮನೆಯಲ್ಲಿ ಹಂಡೆಯ ಬೆಚ್ಚಗಿನ ನೀರು ಹುಯ್ದು ಹುಯ್ದು ತೊಳೆದಳು. ಬೆರಳಿಗೆ ಅರಿವೆ ಸುತ್ತಿ ಬಾಯಿ ಒರೆಸಿದಳು. ಮೂಗು ಒರೆಸಿದಳು. ಕೂಸಿನ ಅಳು ಸಣ್ಣದಾಯಿತು, ಆಮೇಲೆ ನಿಂತಿತು. ನಿಂತದ್ದು ಸಮಾಧಾನಕ್ಕಲ್ಲ. ಮುಷ್ಟಿ ಬಿಗಿಯಾಗಿ ಒಮ್ಮೆ ಅದುರಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದುರಿತು. ಕಟವಾಯಿಯಲ್ಲಿ ಸಣ್ಣ ನೊರೆ.

ಬಾಗಿಲಲ್ಲಿ ಹುಲಿಗವ್ವ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಹಣೆಗೆ ದೊಡ್ಡ ಕುಂಕುಮ ಇಟ್ಟು, ಪಾವಿನಲ್ಲಿ ತೌಡು ಹಿಡಿದುಕೊಂಡು. ಮದುವೆಯಾದ ಮೇಲೆ ಅವಳು ಹಾಗೆ ನಗುವುದನ್ನು ಯಾರೂ ಕಂಡಿರಲಿಲ್ಲ. ಹಿಂದೆ ಮುದುಕವ್ವ, ಅವಳ ಹಿಂದೆ ಕಾಳಪ್ಪ.

"ಅಕ್ಕಾ, ನಿಮ್ಮ ಮನ್ಯಾಗ ಕೂಸು ಐತಂತಲ್ಲ. ತೌಡು ತಂದೀನಿ. ಮಾರ್ತೀಯೇನು?" ಹೇಳಬೇಕಾದ ಮಾತನ್ನು ಹುಲಿಗವ್ವ ತಪ್ಪಿಲ್ಲದೆ ಹೇಳಿದಳು.

ಫಕೀರಮ್ಮ ಕಾಳಪ್ಪನನ್ನೇ ನೋಡಿದಳು. "ತಿಪ್ಪಿಗೆ ಮುಂಜಾನೆ ಪುಡಿ ಯಾರು ಹೊಡದ್ರು?"

"ನಾನ," ಎಂದ ಅವನು, ಖುಷಿಯಿಂದಲೇ. "ಕೂಸಿಗೆ ಇರಿವಿ ಕಡೀಬಾರದು, ಚೇಳು ಗೀಳು ಬರಬಾರದಂತ, ಎಲ್ಲಾರಕಿಂತ ಮೊದ್ಲ ಎದ್ದು ಹೋಗಿ ಚಂದಂಗ ಹೊಡದು ಬಂದೀನಿ. ಸುತ್ತ ಒಂದು ಹುಳಾ ಇರಬಾರದು, ಹಂಗ."

ಫಕೀರಮ್ಮನ ತೋಳಲ್ಲಿ ಕೂಸಿನ ಮೈ ಬಿಲ್ಲಿನಂತೆ ಬಾಗಿ, ಬಿಗಿದು, ಸಡಿಲವಾಯಿತು. ಹುಲಿಗವ್ವನ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾದವು.

"ಕೊಡು ಇಲ್ಲಿ," ಎಂದು ಮುದುಕವ್ವ ಮುಂದೆ ಬಂದಳು. "ದೃಷ್ಟಿ ಆಗೈತಿ. ಉಪ್ಪು ಮೆಣಸಿನಕಾಯಿ ಇಳಿ ತಗೀತೀನಿ. ತೌಡು ತಗೋ, ಕೂಸು ಕೊಡು."

"ಕೊಡಂಗಿಲ್ಲ."

"ಏನಂದಿ?"

"ಮಾರಂಗಿಲ್ಲ ಅಂದೆ. ಕಸ ಅಂತ ಒಗದು ಬಂದೀರಿ. ನಿನ್ನ ಬಾಯಿಲೇ ಅಂದೀ, ನಾ ಕೇಳೀನಿ. ನಾ ಎತ್ತೀನಿ. ತೌಡು ನನ್ನ ಕೈಗೆ ಬೀಳೂತನಕ ಇದು ಯಾರದು? ಹೇಳತ್ತಿ, ಪದ್ಧತಿ ನಿಂದ ಅಲ್ಲೇನು? ಯಾರದು?"

ಊರಿನ ಯಾವ ಹಿರಿಯನನ್ನು ಕರೆಸಿದರೂ ಹೇಳುವ ಉತ್ತರ ಒಂದೇ.

"ನಂದು," ಎಂದಳು ಫಕೀರಮ್ಮ. "ನನ್ನ ಕೂಸನ್ನ ನಾ ದವಾಖಾನಿಗೆ ಒಯ್ತೀನಿ. ಅಡ್ಡ ಬಂದವರ ಕಾಲು ಮುರೀತೀನಿ. ಹುಲಿಗವ್ವಾ, ಮಾರಿ ಏನ್ ನೋಡ್ತೀ? ನನಗ ಹಾಲಿಲ್ಲ. ಹಾಲು ಕುಡಿಸಾಕ ಬಾ."

ಹುಲಿಗವ್ವನ ಕೈಯ ಪಾವು ಕೆಳಗೆ ಬಿತ್ತು. ತೌಡು ಹೊಸ್ತಿಲ ತುಂಬ ಚೆಲ್ಲಿತು. ಬಾಣಂತಿ ಊರ ಸೀಮೆ ದಾಟಬಾರದು ಎಂದು ಅತ್ತೆ ಕೂಗುತ್ತಿದ್ದಂತೆಯೇ ಅವಳು ಬರಿಗಾಲಲ್ಲಿ ಫಕೀರಮ್ಮನ ಹಿಂದೆ ಓಡಿದಳು.

ಕಾಲುವೆ ರಸ್ತೆಯಲ್ಲಿ ಗಂಗಾವತಿಯ ಅಕ್ಕಿ ಗಿರಣಿಗೆ ಭತ್ತ ಹೇರಿಕೊಂಡು ಕ್ಯಾಂಪಿನ ಟ್ರ್ಯಾಕ್ಟರ್ ಹೊರಟಿತ್ತು. ಫಕೀರಮ್ಮ ಅದರ ಮುಂದೆ ಹೋಗಿ ನಿಂತಳು. ಡ್ರೈವರ್ ತೆಲುಗಿನಲ್ಲಿ ಬೈದ, ಆಮೇಲೆ ಕೂಸನ್ನು ನೋಡಿ ಬಾಯಿ ಮುಚ್ಚಿ ಇಬ್ಬರನ್ನೂ ಭತ್ತದ ಚೀಲಗಳ ಮೇಲೆ ಹತ್ತಿಸಿಕೊಂಡ. ದಾರಿಯ ಎರಡೂ ಕಡೆ ಗದ್ದೆ ಹಸಿರಾಗಿತ್ತು. ಒಂದು ಗದ್ದೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡ ಆಳುಗಳು ಸಾಲಾಗಿ ಪುಡಿ ಹೊಡೆಯುತ್ತ ಹೋಗುತ್ತಿದ್ದರು. ಅವರ ಹಿಂದೆ ಬಿಳಿ ಮೋಡವೊಂದು ನೆಲದ ಮೇಲೇ ತೆವಳುತ್ತಿತ್ತು. ಹುಲಿಗವ್ವ ಮೊಲೆಯನ್ನು ಕೂಸಿನ ಬಾಯಿಗೆ ಇಡುತ್ತಿದ್ದಳು. ಅದು ಹಿಡಿಯುತ್ತಿರಲಿಲ್ಲ. ಮತ್ತೆ ಇಡುತ್ತಿದ್ದಳು.

"ಹಿಡೀತೈತಿ, ಹಿಡೀತೈತಿ. ನೀ ಬಿಡಬ್ಯಾಡ," ಅನ್ನುತ್ತಲೇ ಇದ್ದಳು ಫಕೀರಮ್ಮ.

ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಕೂಸಿನ ತಲೆ ಮೂಸಿ ನೋಡಿ, ಏನನ್ನೂ ಕೇಳದೆ ಒಳಗೆ ಒಯ್ದರು. ಮತ್ತೆ ಸೋಪು ಹಚ್ಚಿ ತೊಳೆಸಿದರು, ಸೂಜಿ ಮಾಡಿದರು. ನರ್ಸಮ್ಮ ಹೊರಗೆ ಬಂದು ತಾಯಿ ಯಾರು ಎಂದು ಕೇಳಿದಳು. ಹುಲಿಗವ್ವ ಫಕೀರಮ್ಮನ ಮುಖ ನೋಡಿದಳು.

"ನಾನ್ರಿ," ಎಂದಳು ಫಕೀರಮ್ಮ. "ಈಕಿ ಹಾಲು ಕುಡಿಸಾಕಿ. ಈಕೀನ ಒಳಗ ಕರಕೊಳ್ರಿ."

ನರ್ಸಮ್ಮ ಒಬ್ಬರಿಂದ ಒಬ್ಬರ ಕಡೆ ನೋಡಿ, ಹುಲಿಗವ್ವನನ್ನು ಕೈ ಹಿಡಿದು ಒಳಗೆ ಕರೆದೊಯ್ದಳು. ಅದುರುವುದು ನಿಂತಿದೆ, ಆದರೆ ಹಾಲು ಕುಡಿಯುವ ತನಕ ಏನೂ ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು.

ಬಿಸಿಲೇರಿದ ಮೇಲೆ ಕಾಳಪ್ಪ ಯಾರದೋ ಸೈಕಲ್ ತುಳಿದುಕೊಂಡು ಬಂದ. ಮೈಯೆಲ್ಲ ಬೆವರು. ಬೆವರಿನ ಗೆರೆಗಳಲ್ಲಿ ಬಿಳಿ ಪುಡಿ ಕೆಸರಾಗಿ ಇಳಿದಿತ್ತು. ನೇರ ಬಾಗಿಲ ಕಡೆ ನಡೆದವನನ್ನು ಫಕೀರಮ್ಮ ಎದೆಗೆ ಕೈಕೊಟ್ಟು ತಡೆದಳು.

"ಒಂದ ಸಲ ಮುಟ್ಟಿ ಬರ್ತೀನಿ, ಯಕ್ಕಾ."

"ಕೈ ತೋರ್ಸು."

ಅವನು ಎರಡೂ ಕೈ ಚಾಚಿದ. ಅವಳು ಬಗ್ಗಿ ಮೂಸಿದಳು.

"ತೊಳದು ಬಾ."

ಅಂಗಳದ ನಲ್ಲಿಯ ಕೆಳಗೆ ಕೂತು ಅವನು ಮಣ್ಣು ಹಚ್ಚಿ ತಿಕ್ಕಿದ. ಬಂದು ಕೈ ಚಾಚಿದ. ಅವಳು ಮೂಸಿ ತಲೆಯಾಡಿಸಿದಳು. ಮತ್ತೆ ಹೋದ. ಈ ಸಲ ಮೊಣಕೈ ತನಕ ಇಟ್ಟಿಗೆಯ ಚೂರಿನಿಂದ ತಿಕ್ಕಿದ. ಚರ್ಮ ಕೆಂಪಾಗಿ ರಕ್ತ ಜಿನುಗಿತು. ಬಂದು ನಿಂತ.

"ಈಗರ ಹೋಗ್ಲೇನು, ಅಕ್ಕಾ?"

ಫಕೀರಮ್ಮ ಮೂಸಿದಳು.

"ಇಲ್ಲಪ್ಪಾ," ಎಂದಳು. "ಇನ್ನಾ ವಾಸನಿ ಬರ್ತೈತಿ."

ಅವನು ತಿರುಗಿ ನಲ್ಲಿಯ ಕಡೆ ನಡೆದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ಕಿವಿ ಒಳಗಿಟ್ಟು ನಿಂತಳು. ಒಳಗೆ ಹುಲಿಗವ್ವ ಮೆಲ್ಲಗೆ, ಒಂದೇ ಸಮನೆ, ಕುಡಿ ಕುಡಿ ಎನ್ನುತ್ತಿದ್ದಳು. ಕೂಸಿನ ಸದ್ದು ಇನ್ನೂ ಕೇಳಿರಲಿಲ್ಲ.